ಪೂರ್ವಪಕ್ಷವಿಲ್ಲದ ಸಿದ್ಧಾಂತ



ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪಿಎಚ್.ಡಿ. ಪದವಿಗಾಗಿ ಸಿದ್ಧವಾಗುವ ಮಹಾಪ್ರಬಂಧಗಳಲ್ಲಿ ಯಾವುದಾದರೊಂದನ್ನು ಕೈಗೆತ್ತಿಕೊಂಡು ಅದರ ಮೊದಲನೆಯ ಅಥವಾ ಎರಡನೆಯ ಅಧ್ಯಾಯವನ್ನು ತೆರೆದು ನೋಡಿರಿ. 'ಪೂರ್ವಾಧ್ಯಯನ ಸಮೀಕ್ಷೆ' ಎಂಬ ಶೀರ್ಷಿಕೆ ಕಾಣುತ್ತದೆ. ಅದರ ಕೆಳಗೆ ಹತ್ತಿಪ್ಪತ್ತು ಗ್ರಂಥಗಳ ಹೆಸರುಗಳು, ಒಂದೊಂದಕ್ಕೂ ನಾಲ್ಕಾರು ಪಂಕ್ತಿಗಳು. ಇಂಥವರು ಇಂಥ ವರ್ಷದಲ್ಲಿ ಇಂಥ ವಿಷಯವನ್ನು ಕುರಿತು ಬರೆದಿದ್ದಾರೆ, ಕೃತಿಯು ಉಪಯುಕ್ತವಾಗಿದೆ ಎಂಬ ಒಕ್ಕಣೆ. ಆ ಪಂಕ್ತಿಗಳಾದರೂ ಬಹುಮಟ್ಟಿಗೆ ಆಯಾ ಗ್ರಂಥದ ಬೆನ್ನುಡಿಯಿಂದಲೋ ಮುನ್ನುಡಿಯಿಂದಲೋ ಇಳಿದು ಬಂದಂಥವು. ಅಧ್ಯಾಯದ ಕೊನೆಗೆ ಒಂದು ವಾಕ್ಯವಿರುತ್ತದೆ. ಪ್ರಬಂಧ ಯಾವುದೇ ಆಗಿರಲಿ, ಆ ವಾಕ್ಯ ಮಾತ್ರ ಒಂದೇ: ಪ್ರಸ್ತುತ ವಿಷಯವನ್ನು ಕುರಿತು ಇದುವರೆಗೆ ಸಮಗ್ರವಾದ ಅಧ್ಯಯನ ನಡೆದಿಲ್ಲ.

ಈ ವಾಕ್ಯವನ್ನು ಬರೆಯುವ ಅಧಿಕಾರ ಯಾರಿಗಿದೆ? ನಡೆದಿರುವುದನ್ನೆಲ್ಲ ಹುಡುಕಿ ಓದಿ ಮುಗಿಸಿದವನಿಗೆ ಮಾತ್ರವಲ್ಲವೆ? ಒಂದು ಮನೆಯಲ್ಲಿ ಯಾರೂ ಇಲ್ಲವೆಂದು ಹೇಳಬೇಕಾದರೆ ಕೋಣೆ ಕೋಣೆಯನ್ನೂ ಹೊಕ್ಕು ನೋಡಿರಬೇಕು. ಹೊಸ್ತಿಲ ಹೊರಗೆ ನಿಂತು ಕೂಗಿ, ಉತ್ತರ ಬಾರದ ಕಾರಣ ಮನೆ ಬರಿದಾಗಿದೆಯೆಂದು ಸಾರುವುದು ಸಾಕ್ಷ್ಯವಾಗಲಾರದು. ಆದರೆ ಇಂದು ಹೊಸ್ತಿಲಲ್ಲಿ ನಿಂತವರ ಕೂಗಿಗೇ ಪದವಿ ದೊರೆಯುತ್ತಿದೆ.

ಇದಕ್ಕೆ ಸಮರ್ಥನೆಯೂ ಉಂಟು. ವಿದ್ವಾಂಸರೆನಿಸಿಕೊಂಡವರೇ ಸಭೆಗಳಲ್ಲಿ ಎರಡು ಬಗೆಯ ಮಾತನ್ನಾಡುವುದನ್ನು ನಾವು ಕೇಳಿದ್ದೇವೆ. ಸಮೀಕ್ಷೆಯ ಅಧ್ಯಾಯವೆಂಬುದು ಪಾಶ್ಚಾತ್ಯರಿಂದ ಬಂದ ಒಂದು ಶಾಸ್ತ್ರಾಚಾರ, ನಿಯಮಕ್ಕಾಗಿ ಹತ್ತು ಪುಟ ತುಂಬಿಸಿದರೆ ಸಾಕು ಎಂಬುದು ಮೊದಲನೆಯದು. ಹಿಂದಿನವರನ್ನು ಬಹಳ ಓದಿದರೆ ತರುಣನ ಸ್ವಂತಿಕೆ ಕುಂದುತ್ತದೆ, ಅವನು ನೇರವಾಗಿ ವಿಷಯಕ್ಕೆ ಇಳಿಯಲಿ ಎಂಬುದು ಎರಡನೆಯದು. ಮೊದಲನೆಯ ಮಾತು ನಮ್ಮ ಶಾಸ್ತ್ರಪರಂಪರೆಯನ್ನು ಅರಿಯದವರದು, ಎರಡನೆಯದು ಸೋಮಾರಿತನಕ್ಕೆ ತೊಡಿಸಿದ ರೇಷ್ಮೆಯ ಶಾಲು. ಎರಡನ್ನೂ ನಾವು ಒಪ್ಪಲಾರೆವು.

ಮೊದಲು ಪರಂಪರೆಯ ಮಾತನ್ನು ನೋಡೋಣ. ಮೀಮಾಂಸಕರು ಒಂದು ಅಧಿಕರಣಕ್ಕೆ ಐದು ಅಂಗಗಳನ್ನು ಹೇಳುತ್ತಾರೆ. ವಿಷಯವನ್ನು ಎತ್ತಿಕೊಂಡು, ಅದರಲ್ಲಿ ಸಂಶಯವನ್ನು ತೋರಿಸಿ, ಪೂರ್ವಪಕ್ಷವನ್ನು ಮಂಡಿಸಿ, ಅನಂತರವೇ ಸಿದ್ಧಾಂತಕ್ಕೆ ಬರಬೇಕು. ಹಿಂದುಮುಂದಿನ ವಿಚಾರಗಳೊಡನೆ ಸಂಗತಿಯನ್ನೂ ತೋರಿಸಬೇಕು. ಪೂರ್ವಪಕ್ಷವನ್ನು ಹೇಳದೆ ಸಿದ್ಧಾಂತವನ್ನು ಹೇಳಿದವನನ್ನು ವಿದ್ವತ್ಸಭೆಯಲ್ಲಿ ಕೂರಿಸಿಕೊಳ್ಳುತ್ತಿರಲಿಲ್ಲ. ಪೂರ್ವಪಕ್ಷವನ್ನೂ ಹೇಗೆ ಮಂಡಿಸಬೇಕು? ಎದುರಾಳಿಯೇ ಬಂದು ಕೇಳಿದರೂ ತಲೆದೂಗಿ ಇದೇ ನನ್ನ ವಾದ ಎನ್ನುವಂತೆ. ಪಾಠಶಾಲೆಯಲ್ಲಿ ನಾವು ತರ್ಕಸಂಗ್ರಹವನ್ನು ಓದುತ್ತಿದ್ದಾಗ ನಮ್ಮ ಗುರುಗಳು ಬೌದ್ಧರ ಕ್ಷಣಿಕವಾದವನ್ನು ಎಷ್ಟು ಸೊಗಸಾಗಿ ಪ್ರತಿಪಾದಿಸುತ್ತಿದ್ದರೆಂದರೆ, ಮರುದಿನ ಅದರ ಖಂಡನೆಯನ್ನು ಕೇಳುವವರೆಗೆ ವಿದ್ಯಾರ್ಥಿಗಳೆಲ್ಲ ಒಂದು ರಾತ್ರಿಯ ಮಟ್ಟಿಗೆ ಬೌದ್ಧರೇ ಆಗಿರುತ್ತಿದ್ದರು.

ಇದರ ಫಲವೇನೆಂಬುದನ್ನು ಚಾರ್ವಾಕರಲ್ಲಿ ನೋಡಬಹುದು. ಅವರ ಸೂತ್ರಗ್ರಂಥ ನಮಗೆ ಉಳಿದುಬಂದಿಲ್ಲ. ಅವರು ಏನು ಹೇಳುತ್ತಿದ್ದರೆಂಬುದನ್ನು ಬಹುಪಾಲು ನಾವಿಂದು ಅರಿಯುವುದು ಅವರನ್ನು ಖಂಡಿಸಿದವರ ಪೂರ್ವಪಕ್ಷದ ಪಂಕ್ತಿಗಳಿಂದ; 14ನೆಯ ಶತಮಾನದ ಮಾಧವನ 'ಸರ್ವದರ್ಶನ ಸಂಗ್ರಹ' ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಒಪ್ಪದವನ ಮಾತನ್ನೂ ಕೆಡದಂತೆ ಕಾಪಿಟ್ಟವರು ಆ ಹಿರಿಯರು. ನಮ್ಮ ಮತದಲ್ಲಿಯೂ ಶ್ರೀಪತಿ ಪಂಡಿತರ 'ಶ್ರೀಕರಭಾಷ್ಯ'ವನ್ನು ತೆರೆದು ನೋಡುವವರಿಗೆ ಇತರ ಭಾಷ್ಯಕಾರರ ಮತಗಳನ್ನು ಎದುರಿಗಿಟ್ಟುಕೊಂಡೇ ಅವರು ಮುಂದುವರಿಯುವುದು ಕಾಣುತ್ತದೆ. 1936ರಲ್ಲಿ ಸಿ. ಹಯವದನರಾಯರು ಅದನ್ನು ಸಂಪಾದಿಸಿ ಪ್ರಕಟಿಸಿದರು. ಅವರು ವೀರಶೈವರಲ್ಲ, ಆದರೂ ಆ ಶ್ರಮವನ್ನು ವಹಿಸಿದರು. ನಮ್ಮವರಲ್ಲಿ ಅದನ್ನು ಓದಿದವರೆಷ್ಟು ಮಂದಿ ಎಂದು ಕೇಳುವುದು ಬೇಡ.

ಕನ್ನಡದ ಮಾತನ್ನೇ ಹೇಳುವುದಾದರೆ, 9ನೆಯ ಶತಮಾನದ 'ಕವಿರಾಜಮಾರ್ಗ' ತನಗಿಂತ ಹಿಂದಿನ ಗದ್ಯಕಾರರನ್ನೂ ಪದ್ಯಕಾರರನ್ನೂ ಹೆಸರಿಸುತ್ತದೆ: ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ, ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಅವರ ಕನ್ನಡ ಕೃತಿಗಳು ಇಂದು ನಮಗೆ ದೊರೆತಿಲ್ಲ. ಗ್ರಂಥಕಾರನು ಕೆಲವೇ ಮಾತುಗಳಲ್ಲಿ ಹಿಂದಿನವರನ್ನು ನೆನೆದ ಕಾರಣಕ್ಕೆ, ಕನ್ನಡ ಸಾಹಿತ್ಯದ ಆರಂಭವು 'ಕವಿರಾಜಮಾರ್ಗ'ಕ್ಕಿಂತಲೂ ಹಿಂದಕ್ಕೆ ಸರಿಯಿತು. ತನಗಿಂತ ಮುಂಚೆ ಕನ್ನಡದಲ್ಲಿ ಯಾರೂ ಬರೆದಿಲ್ಲವೆಂದು ಅವನು ಬರೆದಿದ್ದರೆ ನಾವೇನು ಮಾಡಬಹುದಾಗಿತ್ತು? ನಂಬಿಬಿಡುತ್ತಿದ್ದೆವು.

ಹೀಗಿರುವಲ್ಲಿ ಪೂರ್ವಾಧ್ಯಯನ ಸಮೀಕ್ಷೆಯು ಪರದೇಶದ ಸರಕು ಎನ್ನುವುದು ಎಂಥ ಮಾತು!

ಇನ್ನು ನೇರವಾಗಿ ವಿಷಯಕ್ಕೆ ಇಳಿಯಲಿ ಎಂಬವರ ಮಾತು. ಕೆಲವು ಕಾಲದ ಹಿಂದೆ ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಕಡೆಯ ತರುಣನೊಬ್ಬನು ನಮ್ಮಲ್ಲಿಗೆ ಬಂದಿದ್ದನು. ಅವನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು. ತನ್ನ ಹೋಬಳಿಯ ಶಾಸನ, ವೀರಗಲ್ಲು, ಮಠಮಾನ್ಯಗಳು, ಜಾತ್ರೆಗಳು ಇವನ್ನು ಕುರಿತು ಸಂಶೋಧನೆ ಮಾಡಬೇಕೆಂಬ ಹಂಬಲ. ರೂಪರೇಖೆಯನ್ನು ಬರೆದು ತಂದಿದ್ದನು. ಅದರಲ್ಲಿಯೂ ಆ ವಾಕ್ಯವಿತ್ತು. ಯಾರೂ ಅಧ್ಯಯನ ಮಾಡಿಲ್ಲವೆಂಬುದನ್ನು ಹೇಗೆ ಕಂಡುಕೊಂಡೆಯಪ್ಪಾ ಎಂದು ಕೇಳಿದೆವು. "ಬುದ್ಧಿ, ಕನಕಪುರ ಅಂತ ಹುಡುಕಿದೆ. ಹಳೆಯ ಪುಸ್ತಕಗಳ ಅನುಕ್ರಮಣಿಕೆಯಲ್ಲಿ ಆ ಹೆಸರೇ ಇಲ್ಲ" ಎಂದನು.

ಆ ಹೆಸರು ಹೇಗೆ ಇದ್ದೀತು? ಬಿ.ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ'ದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದಾಗ ಈ ಊರು ಕಾನಕಾನಹಳ್ಳಿಯಾಗಿತ್ತು. ಆ ಹೆಸರಿನಡಿಯಲ್ಲಿ ಹುಡುಕಿದರೆ ಇಡೀ ತಾಲ್ಲೂಕಿನ ಶಾಸನಗಳು ಊರೂರಿನ ಹೆಸರು ಸಹಿತ, ಕನ್ನಡ ಲಿಪಿಯ ಪಾಠ ಸಹಿತ, ಇಂಗ್ಲಿಷ್ ಅನುವಾದ ಸಹಿತ ಎದುರು ನಿಲ್ಲುತ್ತವೆ. ಮಾಗಡಿಯೂ ಚನ್ನಪಟ್ಟಣವೂ ಅದೇ ಸಂಪುಟದಲ್ಲಿವೆ. ರಾಮನಗರವನ್ನು ಹುಡುಕುವವನು ಕ್ಲೋಸ್‌ಪೇಟೆ ಎಂಬ ಹೆಸರನ್ನು ಅರಿತಿರಬೇಕು. ಭೂವಿಜ್ಞಾನಿಗಳು ಅಲ್ಲಿನ ಬಂಡೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಜಿಲ್ಲೆಯ ಹೆಸರನ್ನು ಹಿಡಿದು ಹುಡುಕುವವನಿಗಂತೂ ಕಷ್ಟ ಇನ್ನೂ ಹೆಚ್ಚು. ಮೊದಲು ಬೆಂಗಳೂರು ಜಿಲ್ಲೆ, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಸರ್ಕಾರವು ಇಟ್ಟ ಹೆಸರು ಬೆಂಗಳೂರು ದಕ್ಷಿಣ. ಊರು ಇದ್ದಲ್ಲಿಯೇ ಇದೆ, ಹೆಸರುಗಳು ಮಾತ್ರ ಸಂಚರಿಸುತ್ತಿವೆ. ಕೋಡಿಹಳ್ಳಿ ಎಂಬ ಹೆಸರಾದರೂ ಒಂದಕ್ಕೇ ಸಲ್ಲುವುದಲ್ಲ; ಕೆರೆಯ ಕೋಡಿಯಿದ್ದಲ್ಲಿ ಕೋಡಿಹಳ್ಳಿ ಹುಟ್ಟುವುದು ಸಹಜ, ಬೆಂಗಳೂರು ನಗರದೊಳಗೇ ಒಂದು ಕೋಡಿಹಳ್ಳಿಯಿದೆ. ಒಂದರ ದಾಖಲೆಯನ್ನು ಇನ್ನೊಂದಕ್ಕೆ ಅಂಟಿಸುವ ಪ್ರಮಾದ ಎಷ್ಟು ಸುಲಭ!

ಆ ತರುಣನಿಗೆ ನಾವು ಇಷ್ಟನ್ನೇ ಹೇಳಿ ಕಳುಹಿಸಲಿಲ್ಲ. ಫ್ರಾನ್ಸಿಸ್ ಬುಕಾನನ್ನನು ಟಿಪ್ಪುವಿನ ಪತನದ ಮರುವರ್ಷವೇ, 1800-01ರಲ್ಲಿ, ಮಾಗಡಿ ಚನ್ನಪಟ್ಟಣಗಳ ಸೀಮೆಯಲ್ಲಿ ಸಂಚರಿಸಿ ಬೆಳೆ, ಕಸುಬು, ಜನಜಾತಿಗಳ ವಿವರವನ್ನು ದಾಖಲಿಸಿದ್ದಾನೆ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಶಿವರಾತ್ರಿಗೆ ಮುನ್ನ ಕನಕಪುರ ಸೀಮೆಯ ಭಕ್ತರು ಕಾವೇರಿಯನ್ನು ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪದ್ಧತಿಯನ್ನು ವರ್ಣಿಸಬೇಕೆಂದು ಅವನು ಬಯಸಿದ್ದನು. ಒಳ್ಳೆಯದೇ. ಆದರೆ ಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಕಲಾವಿದರ ಬಾಯಿಂದ ಸಂಗ್ರಹಿಸಿದ ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದವರ ದುಡಿಮೆಯನ್ನು ನೋಡದೆ ಅದನ್ನು ವರ್ಣಿಸಹೊರಟರೆ, ಅವರು ಆಗಲೇ ಕೇಳಿ ಬರೆದುಕೊಂಡಿರುವುದನ್ನು ಇವನು ಅರ್ಧಮರ್ಧವಾಗಿ ಮತ್ತೆ ಕೇಳಿ ಬರೆದುಕೊಳ್ಳುತ್ತಾನೆ, ಅಷ್ಟೆ. ಮಂಟೇಸ್ವಾಮಿ ಕಾವ್ಯದಲ್ಲಿ ಪಾಂಚಾಳರ ಕಥೆ ನಡೆಯುವ ಹಲಗೂರು ಇವನ ತಾಲ್ಲೂಕಿನ ಎಲ್ಲೆಯಾಚೆಯ ಮಳವಳ್ಳಿ ತಾಲ್ಲೂಕಿನಲ್ಲಿದೆ. ನೆರೆಯೂರಿನ ಕಥೆ ಗ್ರಂಥಸ್ಥವಾಗಿರುವುದು ಇವನಿಗೆ ತಿಳಿದಿರಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ರೈಸರೇ ಎಲ್ಲವನ್ನೂ ಮಾಡಿ ಮುಗಿಸಿದ್ದರೆ ಈ ತರುಣನಿಗೆ ಉಳಿದುದೇನು? ಈ ಆಕ್ಷೇಪಕ್ಕೆ ಉತ್ತರವೇ ಸಮೀಕ್ಷೆಯ ನಿಜವಾದ ಪ್ರಯೋಜನ. ರೈಸರು ಮೈಸೂರು ಸಂಸ್ಥಾನದ ಒಂಬತ್ತು ಸಾವಿರದಷ್ಟು ಶಾಸನಗಳನ್ನು ಹೊರತಂದ ಮಹಾನುಭಾವರು. ಅಷ್ಟು ದೊಡ್ಡ ಕೆಲಸದಲ್ಲಿ ಬಿಟ್ಟುಹೋದ ಕಲ್ಲುಗಳಿರುತ್ತವೆ, ತಪ್ಪಾಗಿ ಓದಿದ ಅಕ್ಷರಗಳಿರುತ್ತವೆ. ಬರಹವಿಲ್ಲದ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಲೆಕ್ಕವಿಡುವುದು ಅವರ ಉದ್ದೇಶವೇ ಆಗಿರಲಿಲ್ಲ. ಆ 9ನೆಯ ಸಂಪುಟವನ್ನು ಕೈಯಲ್ಲಿ ಹಿಡಿದು ಊರೂರು ತಿರುಗಿದವನಿಗೆ ಮೂರು ಬಗೆಯ ಕಲ್ಲುಗಳು ಎದುರಾಗುತ್ತವೆ. ಪುಸ್ತಕದಲ್ಲಿದ್ದು ನೆಲದಲ್ಲಿಯೂ ಇರುವವು, ಪುಸ್ತಕದಲ್ಲಿದ್ದು ನೆಲದಲ್ಲಿ ಇಲ್ಲದವು, ನೆಲದಲ್ಲಿದ್ದು ಪುಸ್ತಕದಲ್ಲಿ ಇಲ್ಲದವು. ಮೊದಲನೆಯದರಲ್ಲಿ ಪಾಠಶೋಧನೆಯ ಕೆಲಸವಿದೆ. ಎರಡನೆಯದರಲ್ಲಿ, 1905ರಿಂದೀಚೆಗೆ ರಸ್ತೆಗೋ ಮೋರಿಗೋ ಮನೆಯ ಅಡಿಪಾಯಕ್ಕೋ ಹೋದ ಕಲ್ಲಿನ ದುಃಖದ ಲೆಕ್ಕವಿದೆ. ಮೂರನೆಯದು ಅವನದೇ ಸ್ವಂತ ಸಂಪತ್ತು. ಪುಸ್ತಕವನ್ನೇ ನೋಡದವನಿಗೆ ಈ ಮೂರೂ ಒಂದೇ ಆಗಿ ಕಾಣುತ್ತವೆ. ಇದ್ದುದನ್ನೆಲ್ಲ ಹೊಸದೆಂದು ಘೋಷಿಸುತ್ತಾನೆ, ನಿಜವಾಗಿ ಹೊಸದಾದುದು ಅದರ ನಡುವೆ ಹೂತುಹೋಗುತ್ತದೆ. ಸ್ವಂತಿಕೆಯನ್ನು ಕುಂದಿಸುವುದು ಓದಲ್ಲ, ಓದದಿರುವುದು.

ಸಮಾಜಶಾಸ್ತ್ರದವರ ಪಾಡೂ ಇದಕ್ಕಿಂತ ಭಿನ್ನವಾಗಿಲ್ಲ. ರಾಮನಗರದ ಸೀಮೆಯೆಂದೊಡನೆ ರೇಷ್ಮೆ. ರೇಷ್ಮೆ ಬೆಳೆಗಾರರ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿಗತಿ ಎಂಬ ಪ್ರಬಂಧಗಳು. ತಾಲ್ಲೂಕಿನ ಹೆಸರನ್ನು ಬದಲಿಸಿದರೆ ಒಂದರ ಪ್ರಶ್ನಾವಳಿ ಇನ್ನೊಂದಕ್ಕೆ ಹೊಂದಿಕೊಳ್ಳುತ್ತದೆ. ನೀರಾವರಿಯಿಂದ ಹಳ್ಳಿ ಹೇಗೆ ಬದಲಾಗುತ್ತದೆಂಬ ಪ್ರಶ್ನೆಯನ್ನು ಹಿಡಿದು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಗ್ರಾಮಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಗ್ರಂಥದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟರು. ಕಾಲುವೆಯ ನೀರು ಬಂದ ಗ್ರಾಮದಲ್ಲಿ ಹಳೆಯ ಸಾಮಾಜಿಕ ವ್ಯವಸ್ಥೆ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ನೀರು ಬಾರದ ಗ್ರಾಮದ ಜನ ಹೊರಗೆ ವ್ಯಾಪಾರ, ಕೂಲಿ, ನೌಕರಿಗಳನ್ನು ಅರಸಿ ಹೋದುದರಿಂದ ಬದಲಾವಣೆ ಅಲ್ಲಿಯೇ ಹೆಚ್ಚಾಯಿತು. ಇದು 1962ರಲ್ಲಿ ಪ್ರಕಟವಾದ ಗ್ರಂಥದ ತಾತ್ಪರ್ಯ. 1970ರಲ್ಲಿ ಅವರು ಮತ್ತೆ ಅದೇ ಗ್ರಾಮಗಳಿಗೆ ಬಂದು ನೋಡಿ 1973ರಲ್ಲಿ ಇನ್ನೊಂದು ಗ್ರಂಥವನ್ನು ಬರೆದರು. ಕಾಲುವೆಯ ಭಾಗ್ಯವಿಲ್ಲದೆ ರಾಗಿಯನ್ನು ಮಳೆಗೂ ಹಿಪ್ಪುನೇರಳೆಯನ್ನು ಕೊಳವೆಬಾವಿಗೂ ಒಪ್ಪಿಸಿ, ಮಕ್ಕಳನ್ನು ಬೆಂಗಳೂರಿಗೆ ಕಳುಹಿಸುವ ಕೋಡಿಹಳ್ಳಿಯ ಕಡೆಯ ರೈತರನ್ನು ಕುರಿತು ಬರೆಯುವವನಿಗೆ ಇದಕ್ಕಿಂತ ಹತ್ತಿರದ ಪೂರ್ವಪಕ್ಷ ಎಲ್ಲಿ ಸಿಕ್ಕೀತು? ಆ ತೀರ್ಮಾನ ಇಲ್ಲಿಗೂ ಹೊಂದುತ್ತದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಒಂದು ಪ್ರಬಂಧಕ್ಕೆ ಸಾಕು. ಆದರೆ ನಮ್ಮ ಸಂಶೋಧಕನು ನೂರು ಮನೆಗಳಿಗೆ ಪ್ರಶ್ನಾವಳಿಯನ್ನು ಹಂಚಿ, ಶೇಕಡಾವಾರು ಕೋಷ್ಟಕಗಳನ್ನು ಬರೆದು, ಸರ್ಕಾರವು ಸಾಲಸೌಲಭ್ಯವನ್ನು ಹೆಚ್ಚಿಸಬೇಕೆಂಬ ಸಲಹೆಯೊಡನೆ ಮುಗಿಸುತ್ತಾನೆ. ಆ ಸಲಹೆಯನ್ನು ಪ್ರಶ್ನಾವಳಿಯಿಲ್ಲದೆ ಯಾವ ರೈತನಾದರೂ ಕೊಡಬಲ್ಲನು.

ವಚನಸಾಹಿತ್ಯದ ವಿಷಯಕ್ಕೆ ಬಂದರೆ ನಮ್ಮ ಮನಸ್ಸು ಇನ್ನಷ್ಟು ನೋಯುತ್ತದೆ. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯ ಮೂರು ಸಂಪುಟಗಳನ್ನು 1907, 1919, 1929ರಲ್ಲಿ ಹೊರತಂದರು. ಕನ್ನಡದಲ್ಲಿ ಯಾರು ಯಾವಾಗ ಏನನ್ನು ಬರೆದರೆಂಬುದಕ್ಕೆ ಅದೇ ಮೊದಲ ಮಹಾಸಮೀಕ್ಷೆ. ಅದಿಲ್ಲದಿದ್ದರೆ ಅನಂತರದವರು ಕತ್ತಲೆಯಲ್ಲಿ ತಡಕಾಡಬೇಕಾಗಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ವಚನಗಳ ಓಲೆಕಟ್ಟುಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಹಲವು ವಿದ್ವಾಂಸರ ದುಡಿಮೆಯ ಫಲವಾಗಿ 1993ರಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಸರ್ಕಾರದಿಂದಲೇ ಹೊರಬಂದಿತು. 20,000ಕ್ಕೂ ಮಿಕ್ಕ ವಚನಗಳು ಇಂದು ಕೈಗೆಟುಕುವಂತಿವೆ. ಇಷ್ಟಾದ ಮೇಲೆಯೂ ಒಂದೆರಡು ಜನಪ್ರಿಯ ಸಂಕಲನಗಳಿಂದ ಐವತ್ತು ವಚನಗಳನ್ನು ಆಯ್ದುಕೊಂಡು, ಒಬ್ಬ ಶರಣನ ಸಮಗ್ರ ದರ್ಶನವನ್ನು ನಿರೂಪಿಸಿದೆನೆಂದು ಹೇಳುವ ಪ್ರಬಂಧಗಳು ಬರುತ್ತಿವೆ. ಆ ವಚನದ ಪಾಠವು ಪ್ರತಿಯಿಂದ ಪ್ರತಿಗೆ ಭಿನ್ನವಾಗಿದೆಯೆ, ಅದು ಆ ಶರಣನದೇ ಎಂಬುದರಲ್ಲಿ ಸಂಶಯವಿದೆಯೆ, ಇದನ್ನು ಹಿಂದೆ ಯಾರಾದರೂ ಚರ್ಚಿಸಿದ್ದಾರೆಯೆ ಎಂದು ಒಮ್ಮೆಯೂ ಕೇಳಿಕೊಳ್ಳದೆ ಪುಟಗಟ್ಟಲೆ ಅರ್ಥವಿವರಣೆ ನಡೆಯುತ್ತದೆ. ಬುನಾದಿಯ ಕಲ್ಲು ಅಲುಗುತ್ತಿದೆಯೇ ಎಂದು ನೋಡದೆ ಮೇಲೆ ಉಪ್ಪರಿಗೆ ಏಳುತ್ತದೆ.

ಇದನ್ನೇ ನಮ್ಮ ಹಿರಿಯರು ಹೇಗೆ ಮಾಡಿದರೆಂಬುದಕ್ಕೆ 'ಶೂನ್ಯಸಂಪಾದನೆ'ಗಿಂತ ಬೇರೆ ನಿದರ್ಶನ ಬೇಡ. ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಪಾದಿಸಿದರು. ಅನಂತರ ಹಲಗೆಯದೇವರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು. ಒಬ್ಬರು ಮಾಡಿದ ಮೇಲೆ ಮತ್ತೊಬ್ಬರು ಏಕೆ ಮಾಡಬೇಕಾಯಿತು? ಹಿಂದಿನದನ್ನು ಓದಿ, ಎಲ್ಲಿ ಒಪ್ಪಲಾಗಲಿಲ್ಲವೋ ಅಲ್ಲಿ ತಿದ್ದಿದರು. ವಚನಗಳನ್ನು ಸೇರಿಸಿದರು, ಕೈಬಿಟ್ಟರು, ಪ್ರಸಂಗಗಳ ಜೋಡಣೆಯನ್ನು ಬದಲಿಸಿದರು. ಸಿದ್ಧರಾಮನ ದೀಕ್ಷೆಯ ವಿಚಾರವನ್ನು ಮೊದಲ ಸಂಪಾದಕರು ಕಂಡ ಬಗೆ ಬೇರೆ, ಅನಂತರದವರು ಕಂಡ ಬಗೆ ಬೇರೆ. ನಾಲ್ಕನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ 15 ಮತ್ತು 16ನೆಯ ಶತಮಾನಗಳ ವಿರಕ್ತಪರಂಪರೆಯು ತನ್ನೊಳಗೇ ನಡೆಸಿದ ಚರ್ಚೆ ತೆರೆದುಕೊಳ್ಳುತ್ತದೆ. ಒಂದನ್ನೇ ಓದಿದವನಿಗೆ ಒಂದು ಕಥೆ ದೊರೆಯುತ್ತದೆ, ಅಷ್ಟೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು 1965ರಿಂದ 1972ರವರೆಗೆ ಅದರ ಇಂಗ್ಲಿಷ್ ಅನುವಾದವನ್ನು ಐದು ಸಂಪುಟಗಳಲ್ಲಿ ಪ್ರಕಟಿಸಿತೆಂಬುದನ್ನು ನಮ್ಮ ಭಕ್ತರಿಗೆ ನೆನಪಿಸಬೇಕಾಗಿ ಬಂದಿರುವುದು ವಿಷಾದಕರ.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಲೇಖನ ಅಪೂರ್ಣವಾಗುತ್ತದೆ. ಜೆ.ಎಫ್. ಫ್ಲೀಟ್ ಎಂಬ ಶಾಸನತಜ್ಞರು ಅಬ್ಬಲೂರಿನ ಶಾಸನಗಳನ್ನು 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ ಸಂಪಾದಿಸಿದಾಗ, ಪುರಾಣಗಳು ಹೇಳುವ ಬಸವಣ್ಣನವರ ಚರಿತ್ರೆಯಲ್ಲಿ ಸಂಶಯವನ್ನು ತಾಳಿ, ಏಕಾಂತದ ರಾಮಯ್ಯನವರಿಗೇ ಪ್ರಾಧಾನ್ಯವನ್ನು ಕೊಟ್ಟರು. ಅವರ ಮುಂದಿದ್ದ ಶಾಸನಗಳಲ್ಲಿ ರಾಮಯ್ಯನವರಿದ್ದರು, ಬಸವಣ್ಣನವರಿರಲಿಲ್ಲ. ಇದ್ದ ಸಾಮಗ್ರಿಯಿಂದ ಅವರು ಹಾಗೆ ಊಹಿಸಿದುದು ಅಪರಾಧವೇನಲ್ಲ. ಮುಂದೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನವು ಬೆಳಕಿಗೆ ಬಂದಿತು. ಶಕ 1182, ಅಂದರೆ 1260ರ ಈ ಶಾಸನದಲ್ಲಿ ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನ ಉಲ್ಲೇಖ ಸ್ಪಷ್ಟವಾಗಿದೆ. ಬಸವಣ್ಣನವರ ಕಾಲದಿಂದ ನೂರು ವರ್ಷಗಳ ಆಸುಪಾಸಿನ ಕಲ್ಲಿನ ಸಾಕ್ಷಿ. ಅಲ್ಲಿಗೆ ಆ ಸಂಶಯ ನಿವಾರಣೆಯಾಗಬೇಕಾಗಿತ್ತು.

ಆದರೆ ಆಗಿದ್ದೇನು? ಒಂದು ಕಡೆಯವರು ಫ್ಲೀಟರ ಮಾತನ್ನು ಎರಡನೆಯ ಕೈಯಿಂದ ತೆಗೆದುಕೊಂಡು, ಅರ್ಜುನವಾಡದ ಹೆಸರನ್ನೇ ಕೇಳದೆ, ಹಳೆಯ ಸಂಶಯವನ್ನು ಹೊಸ ವಿಚಾರವೆಂಬಂತೆ ಮತ್ತೆ ಮತ್ತೆ ಬರೆದರು. ಇನ್ನೊಂದು ಕಡೆಯ ನಮ್ಮವರು ಫ್ಲೀಟರನ್ನು ಓದದೆಯೇ ಅವರನ್ನು ದೂಷಿಸಿದರು. ಅರ್ಜುನವಾಡವನ್ನು ಹೆಸರಿಸಿದವರಲ್ಲಿಯೂ ಶಾಸನದ ಪಾಠವನ್ನು ನೋಡಿದವರು ವಿರಳ. ಅದರಲ್ಲಿ ಇಲ್ಲದ ಸಂಗತಿಗಳನ್ನು ಅದರ ತಲೆಗೆ ಕಟ್ಟಿದವರುಂಟು. ಓದದೆ ನಂಬುವುದು, ಓದದೆ ನಿಂದಿಸುವುದು ಎರಡೂ ಒಂದೇ ಗರಡಿಯ ಪಟ್ಟುಗಳು.

ಇದೆಲ್ಲ ಪಂಡಿತರ ಗೊಡವೆ, ಸಾಮಾನ್ಯ ಜನಕ್ಕೆ ಇದರಿಂದೇನು ಎಂದು ಕೇಳುವಿರಾ? 2017 ಮತ್ತು 2018ರಲ್ಲಿ ಪ್ರತ್ಯೇಕ ಧರ್ಮದ ಪ್ರಶ್ನೆಯೆದ್ದಾಗ ನಾಡಿನಲ್ಲಿ ಏನಾಯಿತೆಂಬುದನ್ನು ನೆನೆಯಿರಿ. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಸಮಿತಿ ನೇಮಕವಾಯಿತು, ವರದಿ ಬಂದಿತು, 2018ರ ಮಾರ್ಚಿಯಲ್ಲಿ ರಾಜ್ಯ ಸರ್ಕಾರವು ಕೇಂದ್ರಕ್ಕೆ ಶಿಫಾರಸು ಕಳುಹಿಸಿತು. ಯಾವ ಪಕ್ಷ ಸರಿ ಎಂಬುದು ಇಲ್ಲಿನ ವಿಷಯವಲ್ಲ. ಆ ಕಾಲದಲ್ಲಿ ಹಂಚಲಾದ ಪುಸ್ತಿಕೆಗಳನ್ನು ನಾವು ಎರಡೂ ಕಡೆಗಳಿಂದ ತರಿಸಿ ಓದಿದೆವು. ಒಂದು ಪಕ್ಷದವರು ತಮಗೆ ಅನುಕೂಲವಾದ ವಚನಗಳನ್ನು ಹೆಕ್ಕಿದರು, ಇನ್ನೊಂದು ಪಕ್ಷದವರು ತಮಗೆ ಅನುಕೂಲವಾದ ಆಗಮಗಳನ್ನು ಹೆಕ್ಕಿದರು. ಎದುರಿನವರ ಅತ್ಯಂತ ಬಲವಾದ ಪ್ರಮಾಣ ಯಾವುದು, ಅದಕ್ಕೆ ತಮ್ಮ ಉತ್ತರವೇನು ಎಂದು ಬರೆದ ಪುಸ್ತಿಕೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಸಭೆಯಲ್ಲಿ ತೀರಬೇಕಾಗಿದ್ದ ವಾದ ಬೀದಿಯಲ್ಲಿ ಮೊಳಗಿತು, ಒಂದೇ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ವಿಶ್ವವಿದ್ಯಾನಿಲಯದ ಎರಡನೆಯ ಅಧ್ಯಾಯದಲ್ಲಿ ಕಲಿಯದ ಪಾಠಕ್ಕೆ ಸಮಾಜವು ತೆತ್ತ ಬೆಲೆಯಲ್ಲಿ ಇದೂ ಸೇರಿದೆ.

ನಿಯಮಗಳಿಲ್ಲವೆಂದಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಾವಳಿಯನ್ನು ಹೊರಡಿಸಿತು. ಅದರಂತೆ ಹೋಲಿಕೆಯು ಶೇಕಡಾ 10ರವರೆಗಿದ್ದರೆ ದಂಡವಿಲ್ಲ. 60ನ್ನು ಮೀರಿದರೆ ಪ್ರಬಂಧವನ್ನು ಸಲ್ಲಿಸಿದವನ ನೋಂದಣಿಯೇ ರದ್ದು. ಒಳ್ಳೆಯ ನಿಯಮ. ಆದರೆ ಯಂತ್ರವು ಅಳೆಯುವುದು ಪದಗಳ ಹೋಲಿಕೆಯನ್ನು. ಓದದ ಗ್ರಂಥವನ್ನು ಓದಿದೆನೆಂದು ಹೇಳಿಕೊಂಡವನ ಸುಳ್ಳು ಯಾವ ಶೇಕಡಾವಾರಿನಲ್ಲಿಯೂ ಕಾಣಿಸದು. ಸ್ವಂತ ವಾಕ್ಯದಲ್ಲಿ ಹೇಳಿದ ಸುಳ್ಳು ಪರೀಕ್ಷೆಯಲ್ಲಿ ನಿರ್ಮಲವಾಗಿ ಪಾರಾಗುತ್ತದೆ. ಈಚೆಗೆ ಕೃತಕ ಬುದ್ಧಿಯ ಯಂತ್ರಗಳು ಬಂದಿವೆ. ಕೇಳಿದ ಕ್ಷಣದಲ್ಲಿ ಸಮೀಕ್ಷೆಯನ್ನು ಬರೆದು ಕೊಡುತ್ತವೆ. ಒಮ್ಮೊಮ್ಮೆ ಲೋಕದಲ್ಲಿ ಇಲ್ಲದ ಗ್ರಂಥಗಳನ್ನು ಇರುವ ಲೇಖಕರ ಹೆಸರಿಗೆ ಬರೆದು ಬಿಡುತ್ತವೆ. ಹಿಂದೆ ಓದದವನು ಇರುವ ಗ್ರಂಥವನ್ನಾದರೂ ಹೆಸರಿಸುತ್ತಿದ್ದನು!

ಕಾರಣ ಸೌಕರ್ಯದ ಅಭಾವವೆಂದು ಹೇಳುವವರಿಗೆ ನಾವು ಅರ್ಧ ಒಪ್ಪುತ್ತೇವೆ. ಕೋಡಿಹಳ್ಳಿಯಂಥ ಊರಿನ ಹುಡುಗನಿಗೆ ಒಂದು ಹಳೆಯ ಸಂಪುಟವನ್ನು ನೋಡಬೇಕಾದರೆ ಮೈಸೂರಿಗೋ ಬೆಂಗಳೂರಿಗೋ ಹೋಗಿ, ಉಳಿದು, ಗ್ರಂಥಾಲಯದ ಗುಮಾಸ್ತರ ಮುಖ ನೋಡಬೇಕಾಗಿದ್ದ ಕಾಲವಿತ್ತು. ಇಂದು 'ಶೋಧಗಂಗಾ' ಎಂಬ ಭಂಡಾರದಲ್ಲಿ ದೇಶದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳು ಮನೆಯಲ್ಲಿ ಕುಳಿತೇ ಓದಲು ಸಿಗುತ್ತವೆ. ರೈಸರ ಸಂಪುಟಗಳೂ ಬುಕಾನನ್ನನ ಗ್ರಂಥವೂ ಅಂತರ್ಜಾಲದಲ್ಲಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನದ ಕಲ್ಲುಗಳ ಮೂರು ಆಯಾಮದ ಪ್ರತಿಗಳನ್ನೇ ಮಾಡುತ್ತಿದ್ದಾರೆ. ಇಷ್ಟು ಹತ್ತಿರ ಬಂದ ಮೇಲೆಯೂ ಓದದಿದ್ದರೆ ದೋಷ ಹುಡುಗನದು ಮಾತ್ರವಲ್ಲ. ಮಾರ್ಗದರ್ಶಕರೆಂಬುವರು ಅವನೊಡನೆ ಕುಳಿತು ಒಂದು ಗ್ರಂಥದ ಒಂದು ಅಧ್ಯಾಯವನ್ನಾದರೂ ಓದಿದ್ದಾರೆಯೆ? ಮೌಖಿಕ ಪರೀಕ್ಷೆಗೆ ಬರುವ ಹೊರಗಿನ ವಿದ್ವಾಂಸರು ಊಟೋಪಚಾರವನ್ನು ಸ್ವೀಕರಿಸಿ, ಶಾಲು ಹೊದ್ದು, ಎಲ್ಲರಿಗೂ ಕೇಳುವ ಎರಡು ಪ್ರಶ್ನೆಗಳನ್ನು ಕೇಳಿ ಹಿಂದಿರುಗುವುದನ್ನು ನಾವು ಕಂಡಿದ್ದೇವೆ. ಅವರು ಸಮೀಕ್ಷೆಯ ಅಧ್ಯಾಯವನ್ನು ತೆರೆದು, ಈ ಇಪ್ಪತ್ತು ಗ್ರಂಥಗಳಲ್ಲಿ ನೀನು ಒಪ್ಪದಿರುವುದು ಯಾವುದು, ಏಕೆ ಎಂದು ಒಂದು ಪ್ರಶ್ನೆಯನ್ನು ಕೇಳಲಿ. ನಿನ್ನ ತೀರ್ಮಾನಕ್ಕೆ ಹೆಚ್ಚಿನ ತೊಂದರೆ ಕೊಟ್ಟ ಗ್ರಂಥ ಯಾವುದು ಎಂದು ಇನ್ನೊಂದನ್ನು ಕೇಳಲಿ. ಆ ಎರಡಕ್ಕೆ ಉತ್ತರಿಸಿದವನಿಗೆ ಪದವಿಯನ್ನು ಕೊಡಲು ನಮ್ಮ ಅಡ್ಡಿಯಿಲ್ಲ.

ಪ್ರಾಧ್ಯಾಪಕರನ್ನು ಇಷ್ಟು ಟೀಕಿಸಿದ ಮೇಲೆ ಮಠಗಳನ್ನು ಬಿಡುವುದು ನ್ಯಾಯವಲ್ಲ. ಎಷ್ಟೋ ಮಠಗಳಲ್ಲಿ ಓಲೆಕಟ್ಟುಗಳು ಇಂದಿಗೂ ವಸ್ತ್ರದಲ್ಲಿ ಸುತ್ತಿ ಅಟ್ಟದ ಮೇಲೆ ಇವೆ. ನವರಾತ್ರಿಯಲ್ಲಿ ಕೆಳಗಿಳಿಸಿ ವಿಭೂತಿ ಪತ್ರೆಗಳಿಂದ ಪೂಜಿಸಿ, ಬಿಚ್ಚದೆಯೇ ಮತ್ತೆ ಮೇಲಕ್ಕೆ ಏರಿಸುತ್ತಾರೆ. ಸಂಶೋಧಕನು ಬಂದು ಕೇಳಿದರೆ, ಇವು ನಮ್ಮ ಗುರುಪರಂಪರೆಯ ಸ್ವತ್ತು, ಹೊರಗಿನವರಿಗೆ ತೋರಿಸುವುದಿಲ್ಲ ಎಂಬ ಉತ್ತರ. ಹಳಕಟ್ಟಿಯವರಿಗೂ ಇಂಥ ಬಾಗಿಲುಗಳು ಎದುರಾಗಿದ್ದವು; ಅವರು ಬೇಡಿ, ಕಾಡಿ, ತೆರೆಸಿದರು. ನೂರು ವರ್ಷಗಳ ಅನಂತರವೂ ಪ್ರತಿಯೊಬ್ಬ ತರುಣನೂ ಬೇಡಿ ಕಾಡಬೇಕೆ? ಕಟ್ಟಿನಲ್ಲಿ ಏನಿದೆಯೆಂದು ಸ್ವತಃ ಸ್ವಾಮಿಗಳಿಗೇ ತಿಳಿಯದಿರುವಾಗ, ಯಾರೂ ಅಧ್ಯಯನ ಮಾಡಿಲ್ಲವೆಂದು ಬರೆದವನನ್ನು ನಾವು ಯಾವ ಮುಖದಿಂದ ಆಕ್ಷೇಪಿಸಬೇಕು?

ಮೊದಲು ಆಗಬೇಕಾದುದು ದೊಡ್ಡ ಕಾರ್ಯವೇನಲ್ಲ. ಪ್ರತಿಯೊಂದು ಮಠವೂ ತನ್ನಲ್ಲಿರುವ ಓಲೆ, ಕಾಗದ, ತಾಮ್ರಪಟಗಳ ಒಂದು ಪಟ್ಟಿಯನ್ನು ಮಾಡಲಿ: ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಮೊದಲ ಮತ್ತು ಕೊನೆಯ ಗರಿಯ ಆರಂಭದ ಅಕ್ಷರಗಳು, ಲಿಪಿಕಾರನ ಹೆಸರಿದ್ದರೆ ಅದು. ಹಳೆಗನ್ನಡ ಲಿಪಿಯನ್ನು ಓದಬಲ್ಲ ಒಬ್ಬ ವಟುವೂ ಒಂದು ಮಳೆಗಾಲದ ಬಿಡುವೂ ಸಾಕು. ಅನಂತರ ಆ ಪಟ್ಟಿಯನ್ನು ತಾಲ್ಲೂಕಿನ ಕಾಲೇಜಿಗೂ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಕ್ಕೂ ಕಳುಹಿಸಲಿ, ಓದಬಯಸಿ ಬಂದವನಿಗೆ ಪ್ರಸಾದವನ್ನು ಕೊಡುವಂತೆಯೇ ಕುಳಿತುಕೊಳ್ಳಲು ಒಂದು ಮಣೆಯನ್ನೂ ಬೆಳಕಿರುವ ಒಂದು ಕಿಟಕಿಯನ್ನೂ ಕೊಡಲಿ. ಕನಕಪುರ, ಮಾಗಡಿ, ಚನ್ನಪಟ್ಟಣ ಸೀಮೆಯ ಮಠಾಧಿಪತಿಗಳಿಗೆ ಈ ವಿಷಯವಾಗಿ ನಾವು ಪ್ರತ್ಯೇಕವಾಗಿ ಪತ್ರ ಬರೆಯುತ್ತಿದ್ದೇವೆ.